ಸರಪಳಿ ಬಿಚ್ಚಿದ ಮೇಲೆ

ಕುಪ್ಪಗಡ್ಡೆಯ ನಮ್ಮ ಹಳೆಯ ಮನೆಯ ಕೊಟ್ಟಿಗೆಗೆ ಹೊಂದಿದ ಕೋಣೆಯ ಕಂಬದಲ್ಲಿ ಒಂದು ಕಬ್ಬಿಣದ ಬಳೆ ಇಂದಿಗೂ ಉಂಟು. ಬಂದವರು ಅದನ್ನು ದನ ಕಟ್ಟುವ ಬಳೆಯೆಂದು ತಿಳಿಯುತ್ತಾರೆ. ನಾವೂ ತಿದ್ದುವ ಗೋಜಿಗೆ ಹೋಗುವುದಿಲ್ಲ. 1990ರ ಸುಮಾರಿಗೆ, ನಾನು ಹುಡುಗನಾಗಿದ್ದಾಗ, ಆ ಬಳೆಗೆ ಸಿಕ್ಕಿಸಿದ್ದ ಸರಪಳಿಯ ಇನ್ನೊಂದು ತುದಿ ನನ್ನ ದೊಡ್ಡಪ್ಪನ ಕಾಲಿನಲ್ಲಿತ್ತು. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಾಗಿತ್ತು, ನಾಟಿ ಔಷಧಿ ಮುಗಿದಿತ್ತು. ಕಟ್ಟಿದವರು ಕ್ರೂರಿಗಳಲ್ಲ, ಕೆರೆಗೆ ಬಿದ್ದಾನೆಂಬ ಹೆದರಿಕೆ ಅವರದು.

ಬೆಂಗಳೂರಿನಲ್ಲಿ ಆಗಲೇ ನಿಮ್ಹಾನ್ಸ್ ಇತ್ತಲ್ಲ ಎಂದು ಓದುಗರು ಕೇಳಬಹುದು. ಇತ್ತು. 1954ರಲ್ಲಿ ಅಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಆ ಹೆಸರು ಪಡೆದವು. 1980ರ ದಶಕದಲ್ಲಿ ಅದರ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಔಷಧಿಯನ್ನು ಹಳ್ಳಿಯ ಬಾಗಿಲಿಗೆ ಒಯ್ಯಬಹುದೆಂದು ತೋರಿಸಿದರು; 1996ರಲ್ಲಿ ಆ ಮಾದರಿ ದೇಶದ ಯೋಜನೆಯಾಯಿತು. ನಮ್ಮ ಕೊಟ್ಟಿಗೆಯವರೆಗೆ ಮಾತ್ರ ಏನೂ ಬರಲಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾರದೆ, 28 ಮಂದಿ ಸತ್ತರು. ಆ ಸುದ್ದಿ ಓದಿದ ನನ್ನ ತಂದೆ ಪತ್ರಿಕೆಯನ್ನು ಮಡಿಸಿಟ್ಟು ಎದ್ದು ಹೋದರು. ದೊಡ್ಡಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ.

ಈಗ ಅದೇ ಕಾಯಿಲೆ ನನ್ನ ಅಣ್ಣನ ಮಗನಿಗೆ ಬಂದಿದೆ. 2017ರ ಕಾಯಿದೆ ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮನೋಚೈತನ್ಯವೆಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಯಿತು. ಗುಳಿಗೆ ನುಂಗಿದ ಹುಡುಗನಿಗೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ತೋಟದ ಕೆಲಸ ನೋಡುತ್ತಾನೆ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನರಿಗೆ ಅದು ಸಿಗುತ್ತಿರಲಿಲ್ಲವಂತೆ. ಅಂಥದರಲ್ಲಿ ನಮಗೆ ಸಿಕ್ಕಿತು. ಕಾಲ ಸುಧಾರಿಸುತ್ತಿದೆಯೇ ಎಂದರೆ ಹೌದೆನ್ನಲು ಮೊದಲು ನಾನೇ ಬಾಯಿ ತೆರೆಯಬೇಕು.

ಆದರೂ ಒಂದು ಮುಳ್ಳು ಉಳಿದಿದೆ. ಅಜ್ಜಿ ಪ್ರತಿ ಸಂಜೆ ದೊಡ್ಡಪ್ಪನ ಪಕ್ಕದಲ್ಲಿ ಕೂತು ಯಾರ ಮನೆಯ ಹಸು ಕರು ಹಾಕಿತು, ಅಡಿಕೆಗೆ ಏನು ಧಾರಣೆ ಎಂದೆಲ್ಲ ಹೇಳಿ, ಕೊನೆಗೆ ‘ನೀನೇನಂತೀಯೋ?’ ಎಂದು ಕೇಳುತ್ತಿದ್ದಳು. ಉತ್ತರ ಅಸಂಬದ್ಧವಾಗಿದ್ದರೂ ಪೂರ್ತಿ ಕೇಳಿಯೇ ಏಳುವಳು. ಸರಪಳಿಯ ಕಾಲವನ್ನು ಹೊಗಳುವ ಹುಚ್ಚು ನನಗಿಲ್ಲ. ಅಜ್ಜಿಯ ಪ್ರೀತಿಯಿಂದ ದೊಡ್ಡಪ್ಪನ ಕಾಲಿನ ಹುಣ್ಣು ಮಾಯಲಿಲ್ಲ. ಆದರೆ ಈ ಹುಡುಗನನ್ನು ನಾವು ಕೇಳುವುದು ಒಂದೇ ಮಾತು: ‘ಗುಳಿಗೆ ತಗೊಂಡೆಯಾ?’ ಸರ್ಕಾರ ಕೊಡಬಹುದಾದುದನ್ನು ಕೊಟ್ಟಾಗ, ನಮ್ಮ ಪಾಲಿನದೂ ಅದರಲ್ಲೇ ಸೇರಿಹೋಯಿತೆಂದು ನಾವು ಲೆಕ್ಕ ಹಾಕಿಕೊಂಡೆವೋ ಏನೋ. ಕಾಲೇಜಿನಲ್ಲಿ ಕರುಣೆಯ ಕಾವ್ಯ ಪಾಠ ಹೇಳುವ ನಾನೂ ಈ ಲೆಕ್ಕದಿಂದ ಹೊರಗಿಲ್ಲ.

ಹೋದ ಬೇಸಿಗೆಯಲ್ಲಿ ಅವನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಇವನನ್ನು ಮರೆಮಾಡಬೇಕೆಂದು ಎಲ್ಲರಿಗೂ ಅನಿಸಿತ್ತು. ಬಾಯಿಬಿಟ್ಟು ಹೇಳಿದವನು ನಾನು. ‘ಮೇಲಿನ ತೋಟಕ್ಕೆ ನೀರು ಬಿಟ್ಟು ಬಾ’ ಎಂದೆ. ಏಕೆಂದು ಕೇಳದೆ ಹೋದ. ಕತ್ತಲಾದ ಮೇಲೆ ಬಂದು, ಕಾಲು ತೊಳೆದು ಜಗಲಿಯ ಅಂಚಿನಲ್ಲಿ ಕೂತ.

‘ಹೋದರಾ?’ ಎಂದ.

‘ಹೋದರು. ನೀರು ಬಿಟ್ಟೆಯಾ?’

‘ನಿನ್ನೆಯೇ ಬಿಟ್ಟಾಗಿತ್ತು, ಚಿಕ್ಕಪ್ಪ.’