ಮೊದಲ ಆಶೀರ್ವಾದ ಯಾರಿಗೆ?

ಬೈಬಲಿನಲ್ಲಿ ದೇವರು ಮೊಟ್ಟಮೊದಲು ಆಶೀರ್ವದಿಸಿದ್ದು ಯಾರನ್ನು? ಮನುಷ್ಯನನ್ನಲ್ಲ. ಆದಿಕಾಂಡದ ಮೊದಲ ಅಧ್ಯಾಯ ತೆರೆದು ನೋಡಿ. ಐದನೆಯ ದಿನ ಅವರು ಕಡಲಿನ ಮಹಾಜೀವಿಗಳನ್ನೂ ಹಕ್ಕಿಗಳನ್ನೂ ಸೃಷ್ಟಿಸಿ, ವೃದ್ಧಿಯಾಗಲೆಂದು ಹರಸಿದರು. ನಮಗೆ ಅವುಗಳ ಮೇಲೆ ಒಡೆತನ ದೊರೆತದ್ದು ಮರುದಿನ.

ಆ ಒಡೆತನವನ್ನು ಹೇಗೆ ಬಳಸಿದೆವು? ಇಪ್ಪತ್ತನೆಯ ಶತಮಾನವೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು ತಿಮಿಂಗಿಲಗಳು ಎಣ್ಣೆಗಾಗಿ, ಮಾಂಸಕ್ಕಾಗಿ ಬಲಿಯಾದವು. ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವ ನೀಲಿ ತಿಮಿಂಗಿಲ ಅಳಿವಿನ ಅಂಚಿಗೆ ಬಂತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ನಿರ್ಧರಿಸಿದಂತೆ, ವಾಣಿಜ್ಯ ಬೇಟೆಗೆ 1986ರಿಂದ ತಡೆ ಬಿತ್ತು. ನಾರ್ವೆ ಒಪ್ಪಲಿಲ್ಲ. ಜಪಾನ್ 2019ರಲ್ಲಿ ಆಯೋಗವನ್ನೇ ಬಿಟ್ಟು, ತನ್ನ ಕಡಲಲ್ಲಿ ಬೇಟೆಗೆ ಮರಳಿತು.

"ನೀವು ಹಂದಿ, ದನ ತಿನ್ನುವುದಿಲ್ಲವೇ? ಸಾಕಷ್ಟು ಸಂಖ್ಯೆಯಲ್ಲಿರುವ ತಿಮಿಂಗಿಲವನ್ನು ನಾವು ತಿಂದರೆ ತಪ್ಪೇನು?" ಎಂಬುದು ಅವರ ವಾದ. ತಳ್ಳಿಹಾಕುವ ಮಾತಲ್ಲ. ಯುದ್ಧಾನಂತರದ ಹಸಿವಿನಲ್ಲಿ ಜಪಾನಿನ ಶಾಲಾಮಕ್ಕಳಿಗೆ ಬಡಿಸಿದ್ದು ಇದೇ ಮಾಂಸ. ಅಲಾಸ್ಕದ ಮೂಲನಿವಾಸಿಗಳ ಜೀವನಾಧಾರದ ಬೇಟೆಗೆ ಆಯೋಗವೇ ಅನುಮತಿಸುತ್ತದೆ. ಪ್ರಾಣಿಗಳನ್ನು ಆಹಾರಕ್ಕೆ ಬಳಸುವುದು ಪಾಪವೆಂದು ಧರ್ಮಸಭೆಯೂ ಹೇಳುವುದಿಲ್ಲ; ಅಗತ್ಯವಿಲ್ಲದೆ ಅವನ್ನು ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಬೋಧಿಸುತ್ತದೆ.

ಆದ್ದರಿಂದ "ಎಷ್ಟು ಉಳಿದಿವೆ?" ಎಂದಷ್ಟೇ ಕೇಳಿದರೆ ಸಾಲದು, "ನಮಗೆ ಅಗತ್ಯವೇ?" ಎಂದೂ ಕೇಳಬೇಕು. ಸ್ಫೋಟಕ ಈಟಿ ತಗಲಿದ ಜೀವ ಪ್ರತಿಸಲವೂ ಕೂಡಲೇ ಸಾಯುವುದಿಲ್ಲ. ಬೇರೆ ಆಹಾರ ತುಂಬಿರುವ ನಾಡಿನಲ್ಲಿ ಮಾರಾಟಕ್ಕಾಗಿ ಆ ನೋವು ಕೊಡುವುದು ಒಡೆತನದ ದುರುಪಯೋಗವೆಂದೇ ನನ್ನ ಅಭಿಪ್ರಾಯ.

ಆದರೆ ಜಪಾನನ್ನು ಅಳೆದ ಅಳತೆಗೋಲಿನಿಂದಲೇ ನಮ್ಮನ್ನೂ ಅಳೆದುಕೊಳ್ಳೋಣ. ಹಬ್ಬದೂಟದ ಬಳಿಕ ತಟ್ಟೆಯಲ್ಲಿ ಬಿಟ್ಟು ಚೆಲ್ಲುವ ಮಾಂಸವೂ ಒಂದು ಜೀವವೇ ಆಗಿತ್ತಲ್ಲವೇ?