ಕುಡಿಕೆ ಹೊನ್ನಿನ ಲೆಕ್ಕ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಹಾಸನದ ಸೀಮೆಯಲ್ಲಿ ಈ ಗಾದೆ ಕಿವಿಗೆ ಬೀಳದೆ ಬೆಳೆದವರು ಕಡಿಮೆ. ಕೊರವಂಗಲದಂಥ ಊರಿನಲ್ಲಿ ರಜೆಗೆ ಬಂದು ಜಗುಲಿಯ ಮೇಲೆ ಮೊಬೈಲು ಹಿಡಿದು ಒರಗಿರುವ ಮೊಮ್ಮಗನಿಗೆ ಅಜ್ಜಿ ಇದನ್ನೇ ತನ್ನ ಮಾತಿನಲ್ಲಿ ಹೇಳುತ್ತಾಳೆ: "ಎದ್ದೇಳ್ಲಾ, ಕೂತ್ಕಂಡ್ ಉಣ್ಣೋನ್ಗೆ ಕುಡ್ಕೆ ಹೊನ್ನೂ ಸಾಲಲ್ಲ." ದುಡಿಯದೆ ತಿಂದರೆ ಎಂಥ ಆಸ್ತಿಯೂ ಕರಗುತ್ತದೆ ಎಂಬುದು ಎಲ್ಲರೂ ಬಲ್ಲ ಅರ್ಥ. ಆದರೆ ಈಗ ದುಡಿಮೆಯೇ ಕೂತು ನಡೆಯುತ್ತಿದೆ. ಮೊಮ್ಮಗ ಬೆಂಗಳೂರಿನಲ್ಲಿ ಕುರ್ಚಿ ಬಿಟ್ಟೇಳದೆ ಸಂಪಾದಿಸುತ್ತಾನೆ, ಖಾತೆಯೂ ತುಂಬುತ್ತಿದೆ. ಹಾಗಾದರೆ ಗಾದೆ ಸುಳ್ಳಾಯಿತೇ? ಒಂದೊಂದೇ ಪದ ಬಿಡಿಸಿ ನೋಡೋಣ. ಖಾಲಿಯಾಗುತ್ತಿರುವ ಕುಡಿಕೆ ಬ್ಯಾಂಕಿನಲ್ಲಿಲ್ಲ, ಬೆನ್ನಿನಲ್ಲಿದೆ.

ಮೊದಲು 'ಕುಡಿಕೆ'. ಅಂಗೈಯಲ್ಲಿ ಹಿಡಿಸುವ ಮಣ್ಣಿನ ಪುಟ್ಟ ಪಾತ್ರೆ. ಗಾದೆ ಕಟ್ಟಿದವರು ಕಣಜ ಎನ್ನಲಿಲ್ಲ, ಹಗೇವು ಎನ್ನಲಿಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಇಂಥ ಕುಡಿಕೆಗಳು ಸಾಲಾಗಿವೆ. ಡಾಕ್ಟರು ಡಿಸ್ಕ್ ಎನ್ನುತ್ತಾರೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ಹಿಡಿದ ಲೋಳೆ. ಹಗಲೆಲ್ಲ ಮೈಭಾರ ಬಿದ್ದು ಆ ನೀರು ಜಿನುಗಿ ಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುವುದು ಇದರಿಂದಲೇ. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸುತ್ತಲಿಂದ ಒಸರಿ ಬಂದದ್ದೇ ಅದಕ್ಕೆ ಊಟ. ಮೈ ಅಲುಗಾಡುತ್ತಿದ್ದರೆ ಆ ಒಸರು ಸಲೀಸು.

'ಹೊನ್ನು' ಎಂದರೆ ಚಿನ್ನ, ಹಿಂದಿನ ಕಾಲದ ಚಿನ್ನದ ನಾಣ್ಯವೂ ಹೌದು. ದೇಹದ ಮಟ್ಟಿಗೆ ಅದು ಮೂಳೆ ಮತ್ತು ಮಾಂಸಖಂಡ. ಮೂಳೆಯ ಗಳಿಕೆ ಹೆಚ್ಚುಕಡಿಮೆ 30ರ ವಯಸ್ಸಿಗೆ ಮುಗಿಯುತ್ತದೆ. ಆಮೇಲಿನದು ಗಳಿಸಿದ್ದನ್ನು ಕಾಯುವ ಕೆಲಸ. ಈ ಸೀಮೆಯವರಿಗೆ ಬಂಡವಾಳದ ಕೊರತೆಯಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದನ್ನು ಮೈಗೆ ಹಿಡಿಸುವ ವಿಟಮಿನ್ ಡಿ ತಯಾರಾಗುವುದಕ್ಕೆ ಬಿಸಿಲೂ ಇದೆ. ಕೊರವಂಗಲದ ಬೂಚೇಶ್ವರ ಗುಡಿಯನ್ನೇ ನೋಡಿ. ಇಮ್ಮಡಿ ವೀರಬಲ್ಲಾಳ ಪಟ್ಟವೇರಿದ ಸಂಭ್ರಮಕ್ಕೆ ಅವನ ಅಧಿಕಾರಿ ಬೂಚಿರಾಜ 1173ರಲ್ಲಿ ಕಟ್ಟಿಸಿದ್ದು. ಅಲ್ಲಿ ಶಿವನಿಗೆ ಎದುರಾಗಿ ಸೂರ್ಯನ ಗುಡಿಯಿದೆ. ಶಿವನೇ ಸೂರ್ಯನಿಗೆ ಮುಖ ಕೊಟ್ಟು ಕೂತಿರುವಾಗ ನಾವು ಪರದೆ ಎಳೆದುಕೊಂಡು ಕೂರುತ್ತೇವೆ.

ಆದರೆ ಮುದ್ದೆ ಉಂಡು ಬಿಸಿಲು ಕಾಯಿಸಿದ ಮಾತ್ರಕ್ಕೆ ಹೊನ್ನು ಕೂಡುವುದಿಲ್ಲ. ಮೂಳೆ ತನ್ನ ಮೇಲೆ ಬಿದ್ದ ಭಾರ ನೋಡಿ ಗಟ್ಟಿಯಾಗುವ ವಸ್ತು. ತೂಕವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಷ್ಟು ಸವೆಯುತ್ತದೆ. ಕೆಲಸ ಕೊಡದಿದ್ದರೆ ಮೂಳೆಯೂ ಮನೆ ಬಿಟ್ಟು ಹೊರಡುತ್ತದೆ.

ಇನ್ನು 'ಕೂತು'. ಗಾದೆಯ ಪೆಟ್ಟು ಬೀಳುವುದು ಈ ಪದದ ಮೇಲೆ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಎರಡಂತಸ್ತಿನ ಬಸ್ಸುಗಳ ಡ್ರೈವರು, ಕಂಡಕ್ಟರುಗಳ ಆರೋಗ್ಯವನ್ನು ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ರಸ್ತೆ, ಒಂದೇ ಹೊಗೆ. ಡ್ರೈವರು ಕೂತೇ ಇರುತ್ತಿದ್ದ, ಕಂಡಕ್ಟರು ಟಿಕೆಟ್ಟಿಗಾಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಎಂದು 1953ರಲ್ಲಿ ಅವರ ಬರಹ ಪ್ರಕಟವಾಯಿತು. ಹಾಸನ–ಅರಸೀಕೆರೆ ಬಸ್ಸು ಹತ್ತಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಿಂತ ಜನರ ನಡುವೆ ಸರಿದಾಡುತ್ತ "ಟಿಕೆಟ್, ಟಿಕೆಟ್" ಎನ್ನುವ ಕಂಡಕ್ಟರನ ಸುತ್ತ ಅಷ್ಟೂ ತಲೆಗಳು ಮೊಬೈಲಿಗೆ ಬಾಗಿರುತ್ತವೆ. ತಲೆಯ ತೂಕ ನಾಲ್ಕೈದು ಕಿಲೋ. 60 ಡಿಗ್ರಿ ಬಾಗಿಸಿದರೆ ಕತ್ತಿನ ಮೇಲೆ 27 ಕಿಲೋದಷ್ಟು ಹೊರೆ ಎಂದು ಬೆನ್ನುಮೂಳೆಯ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದ್ದರು. ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಮೂಟೆ ಇಳಿಯುತ್ತದೆ.

'ಉಣ್ಣು' ಎಂಬುದನ್ನು ಮರೆಯಬಾರದು. ಅಜ್ಜಿಯೂ ಕೂತೇ ಉಂಡವಳು. ಆದರೆ ನೆಲದ ಮೇಲೆ. ಮೊಣಕಾಲು, ಸೊಂಟ, ಹರಡು ಮೂರೂ ಮಡಚಬೇಕು, ಉಂಡ ಮೇಲೆ ಅಷ್ಟೂ ಮೈಯನ್ನು ಮೇಲೆತ್ತಬೇಕು. ಬ್ರೆಜಿಲ್ಲಿನ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿದರು. ನೆಲಕ್ಕೆ ಕೂತು ಏಳುವುದಕ್ಕೆ 10 ಅಂಕ. ಕೈ ಊರಿದರೆ ಒಂದು ಕಡಿತ, ಮೊಣಕಾಲು ಊರಿದರೆ ಇನ್ನೊಂದು. 51ರಿಂದ 80 ವರ್ಷದ 2,002 ಜನರನ್ನು ಹೀಗೆ ಅಳೆದು ವರ್ಷಗಟ್ಟಲೆ ಗಮನಿಸಿದಾಗ, ಅಂಕ ತೀರಾ ಕಡಿಮೆ ಇದ್ದವರಲ್ಲೇ ಸಾವು ಹೆಚ್ಚು ಕಂಡಿತು. ನಮ್ಮ ಪಂಕ್ತಿ ಊಟದಲ್ಲಿ ಈ ಪರೀಕ್ಷೆ ಮಜ್ಜಿಗೆ ಬಡಿಸಿದ ಮೇಲೆ ನಡೆಯುತ್ತದೆ. ಎಂಜಲು ಕೈ ಊರುವಂತಿಲ್ಲ. ಎಡಗೈ ಪಕ್ಕದವರ ಹೆಗಲು ಹುಡುಕುತ್ತದೆಯೇ, ಕಂಬ ಹುಡುಕುತ್ತದೆಯೇ, ಪಂಚೆ ಹಿಡಿದು ಸುಮ್ಮನಿರುತ್ತದೆಯೇ ನೋಡಿದರೆ ಸಾಕು. ಕುಡಿಕೆಯಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಮಂಡಿನೋವು ಇರುವವರು ನೆಲಕ್ಕಾಗಿ ಹಟ ಹಿಡಿಯಬೇಕಿಲ್ಲ, ಕುರ್ಚಿಯಿಂದ ಕೈ ಊರದೆ ಏಳುವುದೂ ಅಭ್ಯಾಸವೇ.

ಇಲ್ಲೊಂದು ತಕರಾರು ಬರುತ್ತದೆ. ಹೊಲದವರು ಕೂರುವುದಿಲ್ಲವಲ್ಲ, ಅವರ ಸೊಂಟ ಏಕೆ ಹಿಡಿಯುತ್ತದೆ? ತಕರಾರು ನ್ಯಾಯವಾದದ್ದು. ಆಲೂಗಡ್ಡೆ ಹೊಲದಲ್ಲಿ, ರಾಗಿಯ ಕಳೆಯಲ್ಲಿ ದಿನವಿಡೀ ಬಗ್ಗಿದ ಬೆನ್ನು ಸುಖವಾಗಿಲ್ಲ. ಮೈಗೆ ಆಗದಿರುವುದು ಒಂದೇ ಭಂಗಿ. ಅದು ಬಗ್ಗಿದ್ದಾದರೂ ಸರಿ, ಮೇಷ್ಟರು ಹೇಳಿದಂತೆ ನೆಟ್ಟಗೆ ಕೂತಿದ್ದಾದರೂ ಸರಿ. ಕಳೆ ಕೀಳುವ ಹೆಂಗಸರನ್ನು ಗಮನಿಸಿ. ಸಾಲು ಮುಗಿದು ಬದು ಮುಟ್ಟಿದೊಡನೆ ನಿಲ್ಲುತ್ತಾರೆ, ಎರಡೂ ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗುತ್ತಾರೆ, ಒಂದು ಮಾತಾಡಿ ಮತ್ತೆ ಬಗ್ಗುತ್ತಾರೆ. ಯಾರೂ ಕಲಿಸಿದ್ದಲ್ಲ. ಕಂಪ್ಯೂಟರಿನ ಮುಂದೆ ಕೂತವನಿಗೆ ಕೊರತೆಯಾಗಿರುವುದು ಆ ಬದು. ಅವನ ಸಾಲು ಮುಗಿಯುವುದೇ ಇಲ್ಲ. ಅರ್ಧ ಗಂಟೆಗೊಂದು ಬದು ಅವನೇ ಹಾಕಿಕೊಳ್ಳಬೇಕು: ನೀರಿಗೆ ಏಳುವುದು, ಫೋನು ಬಂದರೆ ನಿಂತು ಮಾತಾಡುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವುದು.

ಕೊನೆಯದು 'ಸಾಲದು'. ಗಾದೆ 'ಕೂರಬೇಡ' ಎನ್ನುವುದಿಲ್ಲ, 'ಸಾಲದು' ಎನ್ನುತ್ತದೆ. ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ಶ್ರಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಾಗ, ಕೂರುವ ಹೊತ್ತನ್ನೂ ಕಡಿಮೆ ಮಾಡಿ ಎಂದು ಸೇರಿಸಿತು. ಬೆಳಿಗ್ಗೆ ನಡೆದು ಬಂದೆ ಎಂದು ಸಂಜೆಯವರೆಗೆ ಅಲುಗದೆ ಕೂತವನದು ಒಂದು ಕೈ ಹಾಕಿ ಹತ್ತು ಕೈ ತೆಗೆಯುವ ವ್ಯವಹಾರ.

ಗಾದೆ ಸಾಲದು ಎಂದು ಎಚ್ಚರಿಸಿ ನಿಲ್ಲುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ. ಅದನ್ನು ಜಗುಲಿಯ ಅಜ್ಜಿ ಗಾದೆಗೂ ಮೊದಲೇ ಹೇಳಿ ಮುಗಿಸಿದ್ದಾಳೆ: ಎದ್ದೇಳ್ಲಾ.