ಎರಡನೆಯ ಕಾರ್ಡು

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಅನೇಕ ಸಭೆಗಳಲ್ಲಿ ಒಂದು ತಟ್ಟೆ ಸುತ್ತು ಬರುತ್ತದೆ. ಅದರ ತುಂಬ ಕವುಚಿ ಹಾಕಿದ ವಾಗ್ದಾನದ ಕಾರ್ಡುಗಳು. ಒಂದೊಂದರ ಮೇಲೂ ಸತ್ಯವೇದದ ಒಂದು ವಚನ. ಕೈಗೆ ಸಿಕ್ಕಿದ್ದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಒಂದು ಸಲ ನನಗೆ ಬಂದದ್ದು ತಾಳ್ಮೆಯಿಂದ ಕಾದಿರಬೇಕೆಂಬ ವಚನ. ಆಗ ನಾನು ಹೊಸ ಕೆಲಸಕ್ಕೆಂದು ಊರು ಬಿಡಲೋ ಬೇಡವೋ ಎಂದು ತೊಳಲಾಡುತ್ತಿದ್ದೆ. ನನಗೆ ‘ಹೊರಡು’ ಎನ್ನುವ ಮಾತು ಬೇಕಿತ್ತು. ಪಕ್ಕದವರ ಕಣ್ಣು ತಪ್ಪಿಸಿ ಕಾರ್ಡನ್ನು ತಟ್ಟೆಗೆ ಸೇರಿಸಿ ಇನ್ನೊಂದನ್ನು ಎತ್ತಿದೆ.

ಎರಡನೆಯ ಕಾರ್ಡಿನಲ್ಲಿ ಏನಿತ್ತೆಂಬುದು ಮರೆತುಹೋಗಿದೆ. ಕೈ ಮತ್ತೆ ತಟ್ಟೆಗೆ ಹೋದದ್ದು ಮಾತ್ರ ಮರೆತಿಲ್ಲ. ದೇವರ ಚಿತ್ತ ತಿಳಿಯಲು ಹೋದವನು ನನ್ನ ಅರ್ಜಿಗೆ ದೇವರ ರುಜು ಹಾಕಿಸಿಕೊಂಡು ಬಂದಿದ್ದೆ.

ಇದು ನನ್ನೊಬ್ಬನ ಕಥೆಯಲ್ಲ, ಕ್ರೈಸ್ತರ ಕಥೆ ಮಾತ್ರವೂ ಅಲ್ಲ. ಗುಡಿಯಲ್ಲಿ ದೇವರ ಬಲಗಡೆಯ ಹೂ ಬಿದ್ದರೆ ಮದುವೆಯ ಮಾತುಕತೆ ಮುಂದುವರಿಯುತ್ತದೆ, ಎಡಗಡೆಯದು ಬಿದ್ದರೆ ನಿಲ್ಲುತ್ತದೆ. ದಾರಿ ಕವಲೊಡೆದಲ್ಲಿ ನಿಂತವರಿಗೆ ಯಾರಾದರೂ ಬೆರಳು ತೋರಿಸಲಿ ಎನಿಸುವುದು ಸಹಜ. ನಾನು ಕೇಳುವುದಿಷ್ಟೇ: ಆ ಬೆರಳನ್ನು ಹುಡುಕುವಾಗ ನಮಗೆ ಬೇಕಾಗಿರುವುದು ದೇವರ ಮಾತೋ, ಅಥವಾ ನಿರ್ಧಾರದ ಹೊರೆಯಿಂದ ಬಿಡುಗಡೆಯೋ?

ಗುರುತು ಕೇಳುವವರೆಲ್ಲ ಆಸರೆಗೆ ಹಿಡಿಯುವುದು ಗಿದ್ಯೋನನನ್ನು. ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಉಣ್ಣೆ ಮಾತ್ರ ಮಂಜಿನಿಂದ ನೆನೆದು ನೆಲ ಒಣಗಿರಲಿ ಎಂದು ಕೇಳಿದ. ಮರುರಾತ್ರಿ ಅದನ್ನೇ ತಿರುಗುಮುರುಗಾಗಿ ಕೇಳಿದ. ಎರಡೂ ನಡೆದವು. ಆದರೆ ನ್ಯಾಯಸ್ಥಾಪಕರು ಪುಸ್ತಕದ ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಬೇರೆ ಸಂಗತಿ ಕಾಣುತ್ತದೆ. ಮಿದ್ಯಾನ್ಯರ ಕೈಯಿಂದ ಜನರನ್ನು ಬಿಡಿಸಲು ಹೊರಡು ಎಂಬ ಅಪ್ಪಣೆ ಅವನಿಗೆ ಆಗಲೇ ಸಿಕ್ಕಿತ್ತು. ಏನು ಮಾಡಬೇಕೆಂಬುದು ಗೊತ್ತಿತ್ತು, ಮಾಡಲು ಹೆದರಿಕೆಯಿತ್ತು. ಉಣ್ಣೆ ಹಾಸಿದ್ದು ಆ ಹೆದರಿಕೆ. ದೇವರು ಅವನ ಅಂಜಿಕೆಯನ್ನು ಸಹಿಸಿಕೊಂಡ ಕಥೆಯನ್ನು ನಾವು ದೇವರನ್ನು ಕೇಳುವ ವಿಧಾನವೆಂದು ಓದಿಕೊಂಡಿದ್ದೇವೆ.

ಹೊಸ ಒಡಂಬಡಿಕೆಯಲ್ಲೂ ಚೀಟಿಯಿದೆ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿಯೇ. ಆದರೆ ಅದು ಪಂಚಾಶತ್ತಮ ದಿನಕ್ಕೆ ಮೊದಲು. ಪವಿತ್ರಾತ್ಮ ಇಳಿದು ಬಂದ ಮೇಲೆ ಶಿಷ್ಯರು ಚೀಟಿ ಹಾಕಿದ್ದನ್ನು ಅಪೊಸ್ತಲರ ಕೃತ್ಯಗಳು ಎಲ್ಲಿಯೂ ಹೇಳುವುದಿಲ್ಲ. ಅನ್ಯಜನರಿಂದ ಬಂದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ದೊಡ್ಡ ಪ್ರಶ್ನೆ ಎದ್ದಾಗ ಅವರು ಯೆರೂಸಲೇಮಿನಲ್ಲಿ ಕೂಡಿ ಬಹಳ ಹೊತ್ತು ವಾದಿಸಿದರು, ಅನುಭವ ಕೇಳಿದರು, ಧರ್ಮಗ್ರಂಥ ತಿರುವಿದರು. ಬಂದ ತೀರ್ಮಾನವನ್ನು ಪವಿತ್ರಾತ್ಮನದೂ ತಮ್ಮದೂ ಎಂದು ಒಂದೇ ಉಸಿರಿನಲ್ಲಿ ಬರೆದು ಕಳಿಸಿದರು. ಆ ಪತ್ರದಲ್ಲಿ ದೇವರ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂದು ಗೆರೆ ಎಳೆಯಲು ಬರುವುದಿಲ್ಲ.

ಚೀಟಿಯ ದೊಡ್ಡ ತೊಡಕು, ಅದು ಉತ್ತರ ಕೊಟ್ಟರೂ ಮನುಷ್ಯನನ್ನು ಇದ್ದಲ್ಲೇ ಬಿಡುತ್ತದೆ. 1737ರಲ್ಲಿ ಜಾರ್ಜಿಯಾ ವಸಾಹತಿನ ಸವಾನ್ನಾದಲ್ಲಿದ್ದ ಜಾನ್ ವೆಸ್ಲಿಗೆ ಸೋಫಿ ಹಾಪ್ಕಿ ಎಂಬ ತರುಣಿಯ ಮೇಲೆ ಮನಸ್ಸಿತ್ತು, ಮದುವೆಯಾಗುವ ಧೈರ್ಯವಿರಲಿಲ್ಲ. ಕೊನೆಗೆ ಮೂರು ಚೀಟಿ ಬರೆದರು: ಮದುವೆಯಾಗು, ಈ ವರ್ಷ ಬೇಡ, ಇನ್ನು ಆ ಯೋಚನೆಯನ್ನೇ ಬಿಡು. ಗೆಳೆಯ ಎತ್ತಿದ್ದು ಮೂರನೆಯದು. ಕೆಲವೇ ದಿನಗಳಲ್ಲಿ ಸೋಫಿ ಬೇರೊಬ್ಬನ ಕೈಹಿಡಿದಳು. ಚೀಟಿಗೆ ತಲೆಬಾಗಿದ ವೆಸ್ಲಿಯ ಎದೆ ತಣಿಯಲಿಲ್ಲ. ಅದೇ ಆಗಸ್ಟಿನಲ್ಲಿ ಆಕೆಗೆ ಕರ್ತನ ಭೋಜನ ನಿರಾಕರಿಸಿದರು. ಗಂಡ ದಾವೆ ಹೂಡಿದ. ಡಿಸೆಂಬರಿನಲ್ಲಿ ವೆಸ್ಲಿ ಜಾರ್ಜಿಯಾ ಬಿಟ್ಟು ಹೊರಟರು. ಮುಂದೆ ಮೆಥಡಿಸ್ಟ್ ಚಳವಳಿಯನ್ನೇ ಕಟ್ಟಿದ ಮನುಷ್ಯ ಇವರು, ಸಣ್ಣವರಲ್ಲ. ಆಸೆಯನ್ನು ಎದುರಿಗಿಟ್ಟು ನೋಡಬೇಕಾದ ಹೊತ್ತಿನಲ್ಲಿ ಅದನ್ನು ಕಾಗದದ ಚೂರಿನ ಕೆಳಗೆ ಬಚ್ಚಿಟ್ಟಿದ್ದರು, ಅಷ್ಟೇ.

ಹಾಗಾದರೆ ದೇವರ ಚಿತ್ತ ತಿಳಿಯುವುದೆಂದರೇನು? ಕರ್ತನ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದವರು ಆರಿಸಿದ ‘ಚಿತ್ತ’ ಎಂಬ ಪದವೇ ಇಲ್ಲಿ ದಾರಿ ತೋರಿಸುತ್ತದೆ. ಅವರು ‘ಆಜ್ಞೆ’ ಎನ್ನಲಿಲ್ಲ. ಚಿತ್ತವೆಂದರೆ ನಮಗೆ ಮನಸ್ಸೂ ಹೌದು. ಆಜ್ಞೆಯನ್ನು ಚೀಟಿಯಲ್ಲಿ ಬರೆದು ಕಳಿಸಬಹುದು, ಮನಸ್ಸು ಜೊತೆಗೆ ಬಾಳಿದವರಿಗೆ ಮಾತ್ರ ತಿಳಿಯುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದ ಅಜ್ಜಿಗೆ, ಅಜ್ಜ ಬಾಯಿಬಿಡದಿದ್ದರೂ, ಯಾವುದು ಅವರ ಮನಸ್ಸಿಗೆ ಒಗ್ಗದು ಎಂದು ಗೊತ್ತಿರುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಪೌಲ ಹೇಳುವ ಕ್ರಮವೂ ಇದೇ. ಮೊದಲು ಮನಸ್ಸು ಹೊಸದಾಗಬೇಕು, ಆಮೇಲೆ ದೇವರ ಚಿತ್ತವನ್ನು ವಿವೇಚಿಸಬಹುದು. ಅಲ್ಲಿ ಅವನು ಬಳಸುವ ಗ್ರೀಕ್ ಕ್ರಿಯಾಪದ ಲೋಹವನ್ನು ಪರೀಕ್ಷಿಸುವುದಕ್ಕೂ ಬಳಕೆಯಲ್ಲಿದ್ದದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒರೆಗೆ ಹಚ್ಚುವುದು. ಒರೆಗಲ್ಲು ಚಿನ್ನವನ್ನು ಹುಟ್ಟಿಸುವುದಿಲ್ಲ. ಕೈಯಲ್ಲಿರುವುದು ಚಿನ್ನವೋ ಹಿತ್ತಾಳೆಯೋ ಎಂದು ಹೇಳುತ್ತದೆ.

ಈ ಒರೆಗಲ್ಲಿನ ಕೆಲಸವನ್ನು ಹಂತಹಂತವಾಗಿ ಬರೆದಿಟ್ಟವರಲ್ಲಿ ಮುಖ್ಯರು ಇಗ್ನೇಷಿಯಸ್ ಲೊಯೋಲಾ. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಯೇಸುಸಭೆಯ ಮೂಲಪುರುಷ ಇವರೇ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿದು ಈ ಸೈನಿಕ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಶೌರ್ಯ, ಶೃಂಗಾರದ ಕನಸುಗಳೂ ಹಿತವಾಗಿದ್ದವು, ಸಂತರಂತೆ ಬದುಕುವ ಕನಸುಗಳೂ ಹಿತವಾಗಿದ್ದವು. ಆದರೆ ಮೊದಲಿನವು ಮುಗಿದ ಮೇಲೆ ಮನಸ್ಸು ಬರಿದಾಗುತ್ತಿತ್ತು, ಎರಡನೆಯವು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ವಿವೇಚನೆಯ ಮೊದಲ ಪಾಠ.

ಪಾಠ ಒಂದೇ ದಿನಕ್ಕೆ ಮೈಗೂಡಲಿಲ್ಲ. ಮರುವರ್ಷ ಹೇಸರಗತ್ತೆಯ ಮೇಲೆ ಮೋನ್ಸೆರಾತ್‌ನತ್ತ ಹೋಗುವಾಗ ಜೊತೆಗೆ ಸಿಕ್ಕ ಮುಸ್ಲಿಂ ಪ್ರಯಾಣಿಕನೊಬ್ಬ ಮಾತೆ ಮರಿಯಳ ಕನ್ಯತ್ವದ ಬಗ್ಗೆ ಸಂದೇಹದ ಮಾತಾಡಿ ಮುಂದೆ ಸಾಗಿದ. ಅಟ್ಟಿಸಿಕೊಂಡು ಹೋಗಿ ಇರಿಯಲೋ ಬಿಡಲೋ ಎಂದು ತೋಚದೆ ಇಗ್ನೇಷಿಯಸ್ ಲಗಾಮು ಸಡಿಲಬಿಟ್ಟರು. ಹೇಸರಗತ್ತೆ ಆ ಮನುಷ್ಯ ಹೋದ ಊರಿನ ಅಗಲವಾದ ದಾರಿ ಬಿಟ್ಟು ಹೆದ್ದಾರಿ ಹಿಡಿಯಿತು. ಒಂದು ಜೀವ ಉಳಿಯಿತು. ಮುಪ್ಪಿನಲ್ಲಿ ಇದನ್ನು ನೆನೆದಾಗ ಹೇಸರಗತ್ತೆ ಹಾಗೆ ತಿರುಗಿದ್ದು ದೇವರ ಇಚ್ಛೆಯೆಂದೇ ಅವರು ಹೇಳಿದರು, ಆದರೆ ಅದಕ್ಕಾಗಿ ಬೀಗಲಿಲ್ಲ. ತಮ್ಮ ಆತ್ಮ ಆಗಿನ್ನೂ ಕುರುಡಾಗಿತ್ತು ಎಂದೂ ಹೇಳಿ ಬರೆಸಿದರು. ಕೊಲ್ಲಬೇಕೇ ಬೇಡವೇ ಎಂಬುದನ್ನು ಪ್ರಾಣಿಯ ಕಾಲಿಗೆ ಬಿಡಬೇಕಾಗಿ ಬಂದದ್ದೇ ಆ ಕುರುಡು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಎಲ್ಲವನ್ನೂ ನಮ್ಮ ಮನಸ್ಸಿಗೇ ಬಿಟ್ಟರೆ ನಮ್ಮ ಆಸೆಯನ್ನೇ ದೇವರ ಚಿತ್ತವೆಂದು ಕರೆದುಕೊಳ್ಳುವುದಿಲ್ಲವೇ? ಚೀಟಿಯಾದರೂ ನನ್ನ ಹಿಡಿತದ ಹೊರಗಿದೆಯಲ್ಲ! ಆಕ್ಷೇಪ ನ್ಯಾಯವಾದದ್ದು. ಆದರೆ ನನ್ನ ಎರಡನೆಯ ಕಾರ್ಡು ಅದರ ಅರ್ಧವನ್ನು ಆಗಲೇ ಉತ್ತರಿಸಿದೆ: ಚೀಟಿಯೂ ನನ್ನ ಹಿಡಿತದಲ್ಲೇ ಇತ್ತು. ಉಳಿದರ್ಧಕ್ಕೆ ಇಗ್ನೇಷಿಯಸ್‌ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಉತ್ತರವಿದೆ. ನಿರ್ಧರಿಸುವ ಮುನ್ನ ಮನಸ್ಸು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಮನಸ್ಸು ಕುಗ್ಗಿ ಕತ್ತಲಾದಾಗ, ಮೊದಲೇ ಮಾಡಿದ್ದ ತೀರ್ಮಾನ ಬದಲಿಸಬಾರದು. ಮುಖಪರಿಚಯವಿಲ್ಲದವನೊಬ್ಬ ಇದೇ ಇಕ್ಕಟ್ಟಿನಲ್ಲಿ ಬಂದು ಕೇಳಿದರೆ ಏನು ಹೇಳುತ್ತಿದ್ದೆವೋ ಅದನ್ನೇ ನಮಗೂ ಹೇಳಿಕೊಳ್ಳಬೇಕು. ಇವೆಲ್ಲ ತಟ್ಟೆಯ ಮೇಲೆ ಒತ್ತುವ ನಮ್ಮ ಹೆಬ್ಬೆರಳನ್ನು ಹಿಡಿದು ತೋರಿಸುವ ಉಪಾಯಗಳು. ‘ದೇವರು ನನಗೆ ಹೇಳಿದ್ದಾರೆ’ ಎಂದು ಎಲ್ಲರ ಬಾಯಿ ಮುಚ್ಚಿಸುವವರು ತಪ್ಪಿಸಿಕೊಳ್ಳುವುದು ಈ ಪರೀಕ್ಷೆಯಿಂದಲೇ.

ಪರೀಕ್ಷೆ ಮುಗಿದ ಮೇಲೂ ಖಾತ್ರಿ ಸಿಗುತ್ತದೆ ಎಂದೇನಿಲ್ಲ. 1939ರ ಜೂನ್‌ನಲ್ಲಿ ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ ನ್ಯೂಯಾರ್ಕಿನಲ್ಲಿದ್ದರು. ಹಿಟ್ಲರನ ಆಳ್ವಿಕೆಯಿಂದ ಅವರನ್ನು ಪಾರುಮಾಡಲು ಗೆಳೆಯರು ಅಲ್ಲಿ ಕೆಲಸ ಹೊಂದಿಸಿದ್ದರು. ಜೂನ್ 20ರಂದು ಅವರು ಅದನ್ನು ಬೇಡವೆಂದರು. ತನ್ನ ನಿರ್ಧಾರದ ಕಾರಣಗಳು ತನಗೇ ಪೂರ್ತಿ ನಿಚ್ಚಳವಿಲ್ಲ ಎಂದು ಅದೇ ದಿನ ದಿನಚರಿಯಲ್ಲಿ ಒಪ್ಪಿಕೊಂಡರು. ಆರು ದಿನಗಳ ನಂತರ, ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಅದು ತನಗೇ ಹೇಳಿದ್ದೆಂದು ಅನಿಸಿತು. ಈ ಕ್ರಮವನ್ನು ಗಮನಿಸಬೇಕು: ನಿರ್ಧಾರ ಮೊದಲು ಬಂತು, ವಚನ ಆಮೇಲೆ. ವಚನ ಅವರ ಪರವಾಗಿ ಆರಿಸಲಿಲ್ಲ, ಆರಿಸಿದ ದಾರಿಯಲ್ಲಿ ಜೊತೆ ಬಂತು. ಜುಲೈನಲ್ಲಿ ಜರ್ಮನಿಗೆ ಮರಳಲು ಹಡಗು ಹತ್ತಿದರು. 1945ರ ಏಪ್ರಿಲ್ 9ರಂದು ನಾಜಿಗಳ ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಸಾವುನೋವಾದ ಮನೆಗೆ ಹೋದಾಗ ‘ಎಲ್ಲ ದೇವರ ಚಿತ್ತ’ ಎನ್ನುವುದು ನಮಗೆ ರೂಢಿ. ನಡೆದದ್ದೆಲ್ಲ ದೇವರ ಚಿತ್ತವೇ ಆಗಿದ್ದರೆ, ಅದು ಭೂಲೋಕದಲ್ಲಿ ನೆರವೇರಲಿ ಎಂದು ಯೇಸು ಪ್ರಾರ್ಥಿಸಲು ಕಲಿಸುವ ಅಗತ್ಯವೇನಿತ್ತು? ಆ ಪ್ರಾರ್ಥನೆಯಲ್ಲೇ, ಅದು ಇನ್ನೂ ನೆರವೇರಬೇಕಾಗಿದೆ, ನೆರವೇರಿಸುವ ಕೈಗಳಲ್ಲಿ ನಮ್ಮವೂ ಸೇರಿವೆ ಎಂಬ ಒಪ್ಪಿಗೆಯಿದೆ. ಬಾನ್‌ಹಾಫರ್ ಹಡಗು ಹತ್ತಿದ್ದು ಆ ಒಪ್ಪಿಗೆಯ ಮೇಲೆ.

ವಾಗ್ದಾನದ ತಟ್ಟೆ ಈ ಡಿಸೆಂಬರಿನಲ್ಲೂ ಬರುತ್ತದೆ. ನಾನೂ ಎತ್ತುತ್ತೇನೆ, ಒಂದೇ ಒಂದು. ಹಿಡಿಸದ ವಚನ ಬಂದರೆ ಅದು ಯಾಕೆ ಹಿಡಿಸಲಿಲ್ಲ ಎಂದು ಕೇಳಿಕೊಳ್ಳಲು ಹನ್ನೆರಡು ತಿಂಗಳ ಕಾಲಾವಕಾಶವಿರುತ್ತದೆ.